ಹೇಳಿ ಬರೆಸಿದ ಕತೆ

ಮಳೆಗಾಲದ ಒಂದು ಬೆಳಿಗ್ಗೆ ಗ್ಯಾಲರಿಯಲ್ಲಿ ಒಣಗದೇ ಉಳಿದ ಬಟ್ಟೆಗಳನ್ನು ಒಳಗೆ ತರಲು ಹೋದವಳು ಜಾರಿ ಬಿದ್ದೆ. ಬಲಗೈ ಊರಿದ್ದರಿಂದ ತಲೆಗೆ ಏನೂ ಆಗಲಿಲ್ಲ. ಮಣಿಕಟ್ಟಿನ ಮೂಳೆ ಮುರಿಯಿತು. ಡೊಂಬಿವಲಿಯಲ್ಲಿ ನಮ್ಮ ಮನೆಯ ಹತ್ತಿರವೇ ಇರುವ ಡಾಕ್ಟರು ಮೊಣಕೈವರೆಗೆ ಪ್ಲಾಸ್ಟರ್ ಹಾಕಿ, ಗಣಪತಿ ಹಬ್ಬ ಮುಗಿಯುವ ತನಕ ಈ ಕೈಯನ್ನು ಮರೆತುಬಿಡಿ ಎಂದರು. ನನಗೆ ಆಗಲೇ ನೆನಪಾದದ್ದು ದೀಪಾವಳಿ ವಿಶೇಷಾಂಕಕ್ಕೆ ಕೊಡುತ್ತೇನೆಂದು ಒಪ್ಪಿಕೊಂಡಿದ್ದ ಕತೆ. ಮುಂಬಯಿಯ ಕನ್ನಡ ಮಾಸಪತ್ರಿಕೆಯೊಂದರ ಸಂಪಾದಕರಿಗೆ ಅದನ್ನು ಗಣಪತಿ ಹಬ್ಬದೊಳಗೆ ತಲುಪಿಸಬೇಕಿತ್ತು. ಕತೆ ತಲೆಯಲ್ಲಿತ್ತು. ಕಾಗದದ ಮೇಲೆ ಒಂದು ಸಾಲೂ ಇರಲಿಲ್ಲ.

ನಾನು ಬರೆಯಲು ಶುರುಮಾಡಿದ್ದು ನಲವತ್ತು ದಾಟಿದ ಮೇಲೆ. ಅದಕ್ಕೂ ಮುಂಚೆ ಪುರುಸೊತ್ತಿರಲಿಲ್ಲ. ನಮ್ಮವರು ಸ್ಟೇಶನ್ ಹತ್ತಿರದ ಸಸ್ಯಾಹಾರಿ ಹೋಟೆಲೊಂದರಲ್ಲಿ ಪಾಲುದಾರರಾಗಿದ್ದರು. ಬೆಳಕು ಹರಿಯುವ ಮೊದಲೇ ಹೊರಟು, ಮಧ್ಯಾಹ್ನ ಊಟಕ್ಕೆ ಬಂದು, ಅರ್ಧ ಗಂಟೆ ಅಡ್ಡಾಗಿ ಮತ್ತೆ ಹೋಗುವರು. ಅವರು ಹೋದ ಮೇಲೆ, ಸಂಜೆಯ ಚಹಾಕ್ಕೆ ಮೊದಲು, ಇಡೀ ಬಿಲ್ಡಿಂಗ್ ನಿದ್ದೆಹೋಗುವ ಒಂದು ಹೊತ್ತಿರುತ್ತಿತ್ತು. ಅಡುಗೆಮನೆಯಲ್ಲಿ ಗಿಡ್ಡ ಸ್ಟೂಲ್ ಹಾಕಿಕೊಂಡು, ಫ್ರಿಜ್ಜಿಗೆ ಬೆನ್ನು ಕೊಟ್ಟು, ಮಣೆಯ ಮೇಲೆ ಕಾಗದ ಇಟ್ಟು ಪೆನ್ಸಿಲಿನಲ್ಲಿ ಬರೆಯುತ್ತಿದ್ದೆ. ಫ್ರಿಜ್ಜಿನ ಸದ್ದು ಬೆನ್ನಿಗೆ ತಾಗುತ್ತಿದ್ದರೆ ನನಗೆ ಸಾಲು ಓಡುತ್ತದೆ. ಕರೆಂಟ್ ಹೋದರೆ ಅಲ್ಲೇ ನಿಲ್ಲುತ್ತದೆ. ಮಗ ದೊಡ್ಡವನಾಗಿ, ಒಂದು ಕೋಣೆಯ ಮನೆ ಮೂರು ಕೋಣೆಯದಾಗಿ, ಮೇಜು ಕುರ್ಚಿ ಬಂದ ಮೇಲೂ ನಾನು ಅಲ್ಲಿಂದ ಏಳಲಿಲ್ಲ.

ಇನ್ನೊಂದು ಅಭ್ಯಾಸವೂ ಇತ್ತು. ಬರೆಯುವ ಕತೆಯ ವಿಷಯ ಯಾರಿಗೂ ಬಾಯಿಬಿಟ್ಟು ಹೇಳುತ್ತಿರಲಿಲ್ಲ. ಹೇಳಿದರೆ ಆ ಕತೆ ಹಾಳಾಗುತ್ತದೆ ಅನ್ನುವ ಹೆದರಿಕೆ. ಹೆಪ್ಪು ಹಾಕಿದ ಪಾತ್ರೆಯ ಮುಚ್ಚಳವನ್ನು ಮತ್ತೆ ಮತ್ತೆ ತೆಗೆದರೆ ಮೊಸರು ಹೇಗಾಗುತ್ತದೋ ಹಾಗೆ. ಅಚ್ಚಾಗಿ ಬಂದ ಮೇಲಷ್ಟೇ ಮನೆಯವರಿಗೆ ಗೊತ್ತಾಗುತ್ತಿತ್ತು. ಆಗಲೂ ನಮ್ಮವರು ಪತ್ರಿಕೆಯಲ್ಲಿ ನನ್ನ ಹೆಸರು ನೋಡಿ, "ಬಂತಲ್ಲ, ಒಳ್ಳೇದಾಯ್ತು" ಎಂದು ಟೀಪಾಯಿಯ ಮೇಲಿಡುತ್ತಿದ್ದರು. ಓದುವ ಅಭ್ಯಾಸ ಅವರಿಗಿರಲಿಲ್ಲ.

ಕೈ ಮುರಿದ ಮೇಲೆ ಮಗ ಒಂದು ಉಪಾಯ ಮಾಡಿದ. ನನ್ನ ಫೋನಿನಲ್ಲಿ ಏನೋ ಒತ್ತಿ, "ಅಮ್ಮ, ನೀನು ಮಾತಾಡು, ಅದೇ ಕನ್ನಡದಲ್ಲಿ ಟೈಪ್ ಮಾಡ್ತದೆ" ಎಂದು ಆಫೀಸಿಗೆ ಹೋದ. ಒಬ್ಬಳೇ ಕೂತು ಫೋನಿಗೆ ಕತೆ ಹೇಳಿದೆ. 'ಬಟ್ಟೆ ಹಿಂಡಿದಳು' ಎಂದರೆ ಅದು 'ಬೆಟ್ಟ ಹಿಡಿದಳು' ಎಂದು ಬರೆಯಿತು. 'ಮಾರಾಯ್ತಿ' ಎಂದದ್ದು 'ಮಹಾರಾಜ' ಆಯಿತು. ನಾನು ನಿಧಾನವಾಗಿ, ಬಿಡಿಸಿ ಬಿಡಿಸಿ ಹೇಳಿದಷ್ಟೂ ಅದು ಇನ್ನಷ್ಟು ಗೊಂದಲ ಮಾಡಿತು. ಅದಕ್ಕೆ ಅರ್ಥವಾಗಲಿ ಎಂದು ನಾನು ಪುಸ್ತಕದ ಕನ್ನಡದಲ್ಲಿ ಮಾತಾಡತೊಡಗಿದಾಗ ನನ್ನ ಕತೆಯ ಹೆಂಗಸರು ರೇಡಿಯೋದಲ್ಲಿ ವಾರ್ತೆ ಓದುವವರಂತೆ ಕೇಳಿಸತೊಡಗಿದರು. ಬೇಸರವಾಗಿ ಫೋನನ್ನು ಬೋರಲು ಹಾಕಿದೆ.

ಒಳಕೋಣೆಯಲ್ಲಿ ಲ್ಯಾಪ್‌ಟಾಪ್ ಇಟ್ಟುಕೊಂಡು ಕೆಲಸ ಮಾಡುತ್ತಿದ್ದ ಸೊಸೆ ಇದೆಲ್ಲ ಕೇಳಿಸಿಕೊಂಡು ನಗುತ್ತ ಹೊರಗೆ ಬಂದಳು. ಅವಳ ಆಫೀಸು ರಬಾಳೆಯಲ್ಲಿ. ವಾರದಲ್ಲಿ ಎರಡು ದಿನ ಮನೆಯಿಂದಲೇ ಕೆಲಸ. ಅವಳ ಅಪ್ಪ ಅಮ್ಮನೂ ಉಡುಪಿ ಕಡೆಯವರೇ, ಆದರೆ ಹುಟ್ಟಿ ಬೆಳೆದದ್ದು ಠಾಣೆಯಲ್ಲಿ. ಕನ್ನಡ, ತುಳು ಎರಡೂ ಪೂರ್ತಿ ತಿಳಿಯುತ್ತದೆ. ಉತ್ತರ ಬರುವುದು ಮಾತ್ರ ಮರಾಠಿಯಲ್ಲಿ. ಕನ್ನಡ ಅಕ್ಷರ ಓದಲು ಬಾರದು.

"ಅತ್ತೆ, ಮಲಾ ಸಾಂಗಾ. ಮೀ ರೆಕಾರ್ಡ್ ಕರತೇ" ಎಂದಳು. ನನಗೆ ಹೇಳಿ, ನಾನು ರೆಕಾರ್ಡ್ ಮಾಡಿಕೊಳ್ಳುತ್ತೇನೆ ಎಂದು.

"ಬೇಡ ಮಗಾ. ನಂಗೆ ಎದುರಿಗೆ ಯಾರಾದ್ರೂ ಇದ್ರೆ ಹೇಳ್ಲಿಕ್ಕೆ ಬರೋದಿಲ್ಲ."

"ಪ್ರಯತ್ನ ತರೀ ಕರಾ ನಾ, ಅತ್ತೆ." ಒಮ್ಮೆ ನೋಡಿಯಾದರೂ ನೋಡಿ ಎಂದು ಅವಳು ಕುರ್ಚಿ ಎಳೆದು ಕೂತೇಬಿಟ್ಟಳು.

ಬೇರೆ ದಾರಿ ಇರಲಿಲ್ಲ. ಮುಜುಗರಪಡುತ್ತಲೇ ಶುರುಮಾಡಿದೆ. ಹಳೆಯ ಬಿಲ್ಡಿಂಗ್ ಒಂದರಲ್ಲಿ ಇಬ್ಬರು ಹೆಂಗಸರು. ಕೆಳಗಿನ ಮನೆಯವಳು ಉಡುಪಿಯವಳು, ಮೇಲಿನ ಮನೆಯವಳು ಹುಬ್ಬಳ್ಳಿಯವಳು. ಮೇಲಿನವಳು ಒಣಹಾಕಿದ ಬಟ್ಟೆಯ ನೀರು ಕೆಳಗಿನವಳ ಗ್ಯಾಲರಿಗೆ ಬೀಳುತ್ತದೆ. ಅದೇ ಜಗಳ, ವರ್ಷಗಟ್ಟಲೆ. ಕೊನೆಗೆ ಮಾತೇ ನಿಂತಿದೆ. ಈಗ ಬಿಲ್ಡಿಂಗನ್ನು ಕೆಡವಿ ಹೊಸದಾಗಿ ಕಟ್ಟುತ್ತಾರೆ, ಎಲ್ಲರೂ ಮನೆ ಖಾಲಿ ಮಾಡಬೇಕು.

ಇಷ್ಟು ಹೇಳಿ ನಿಲ್ಲಿಸಿದೆ. ಸೊಸೆ ಮುಂದಕ್ಕೆ ಬಾಗಿ, "ಮಗ ಕಾಯ್ ಝಾಲಂ?" ಎಂದಳು. ಮರಾಠಿಯ ಆ 'ಮಗ' ಅಂದರೆ 'ಆಮೇಲೆ'. ಆಮೇಲೆ ಏನಾಯಿತು?

ಆಮೇಲೆ ಏನಾಯಿತೆಂದು ನನ್ನನ್ನು ಹಾಗೆ ಯಾರೂ ಕೇಳಿರಲಿಲ್ಲ. ಬರೆಯುವಾಗ ಒಂದು ಸಾಲಿಗೂ ಇನ್ನೊಂದಕ್ಕೂ ನಡುವೆ ಎಷ್ಟು ಹೊತ್ತಾದರೂ ಕೂತಿರಬಹುದು. ಗೋಡೆಯ ಬಣ್ಣ, ಬೆಳಕಿನ ಕೋಲು ಎಂದು ಏನಾದರೂ ಬರೆದುಕೊಂಡು ಕಾಲ ತಳ್ಳಬಹುದು. ಇವಳ ಕಣ್ಣು ನನ್ನ ಮುಖದ ಮೇಲೆಯೇ ಇತ್ತು. ಗೋಡೆಯ ಬಣ್ಣ ಹೇಳಿದರೆ ಅವಳ ಕಣ್ಣು ಫೋನಿನ ಕಡೆ ಹೋಗುತ್ತಿತ್ತು. ಹಾಗಾಗಿ ಏನೋ ಒಂದು ನಡೆಯಲೇಬೇಕಾಯಿತು. ನಾನೇ ಅಂದುಕೊಂಡಿರದ ಒಂದು ಮಾತನ್ನು ಕೆಳಗಿನ ಮನೆಯವಳು ಅಂದಳು, ಸೊಸೆ ನಕ್ಕಳು.

ಹೀಗೆ ಆ ದಿನಗಳು ಶುರುವಾದವು. ಮನೆಯಲ್ಲಿರುವ ದಿನ ಸೊಸೆ ಮಧ್ಯಾಹ್ನ ಊಟ ಮಾಡುತ್ತ ಕೇಳುವಳು, ನಾನು ಹೇಳುವೆ. ರೆಕಾರ್ಡ್ ಆದದ್ದನ್ನು ಕಾಗದಕ್ಕೆ ಇಳಿಸುವವರು ಯಾರು ಎಂಬ ಪ್ರಶ್ನೆ ಬಂದಾಗ ನಮ್ಮವರು, "ನಾನು ಬರೀತೇನಲ್ಲ" ಎಂದರು. ಹೋಟೆಲ್ ಬಿಟ್ಟುಕೊಟ್ಟ ಮೇಲೆ ಅವರಿಗೆ ಮನೆಯಲ್ಲಿ ಕೈಗೆ ಕೆಲಸ ಸಾಲುತ್ತಿರಲಿಲ್ಲ. ಹೋಟೆಲಿನಲ್ಲಿ ಗಲ್ಲಾಪೆಟ್ಟಿಗೆಯ ಪಕ್ಕದ ಬೋರ್ಡಿನ ಮೇಲೆ ದಿನದ ವಿಶೇಷ ತಿಂಡಿಗಳನ್ನು ಸೀಮೆಸುಣ್ಣದಲ್ಲಿ ಅವರೇ ಬರೆಯುತ್ತಿದ್ದರು. ಅದೇ ದಪ್ಪ, ದೂರಕ್ಕೆ ಕಾಣುವ ಅಕ್ಷರದಲ್ಲಿ ನನ್ನ ಕತೆ ಬರೆಯತೊಡಗಿದರು. ಒಂದು ಪುಟಕ್ಕೆ ಆರೇಳು ಸಾಲು ಮಾತ್ರ ಹಿಡಿಯುತ್ತಿತ್ತು. ಮೊದಲ ದಿನವೇ ಕೇಳಿದರು:

"ಅಲ್ಲ, ನಾನು ಹೋಟೆಲಲ್ಲಿರುವಾಗ ನೀನು ಇಲ್ಲಿ ಕೂತು ಇದನ್ನೆಲ್ಲ ಯೋಚಿಸ್ತಾ ಇದ್ದದ್ದಾ?"

"ಮತ್ತೆ? ಕತೆ ಬರೀತೇನೆ ಅಂದ್ರೆ ನೀವು ಎಂತ ಅಂದ್ಕೊಂಡಿದ್ರಿ?"

"ದೇವರ ಕತೆ ಅಂದ್ಕೊಂಡಿದ್ದೆ" ಎಂದರು. ತಮಾಷೆ ಮಾಡಿದರೋ ನಿಜ ಹೇಳಿದರೋ ನನಗೆ ಈಗಲೂ ಗೊತ್ತಿಲ್ಲ.

ಕತೆ ಮುಕ್ಕಾಲು ಭಾಗ ಸಲೀಸಾಗಿ ಸಾಗಿತು. ಕೊನೆ ನನ್ನ ಮನಸ್ಸಿನಲ್ಲಿ ಮೊದಲಿಂದಲೇ ಗಟ್ಟಿಯಾಗಿತ್ತು. ಟೆಂಪೋಗೆ ಸಾಮಾನು ತುಂಬಿಸಿ ಕೆಳಗಿನ ಮನೆಯವಳು ಮುಂದಿನ ಸೀಟಿನಲ್ಲಿ ಕೂರುತ್ತಾಳೆ, ಒಮ್ಮೆ ತಲೆಯೆತ್ತಿ ಮೇಲಿನ ಗ್ಯಾಲರಿ ನೋಡುತ್ತಾಳೆ, ಏನೂ ಹೇಳದೆ ಹೊರಟುಹೋಗುತ್ತಾಳೆ. ನನ್ನ ಕತೆಗಳು ಹೆಚ್ಚಾಗಿ ಹಾಗೆಯೇ ಮುಗಿಯುತ್ತವೆ. ಯಾರೋ ಒಬ್ಬಳು ಏನೂ ಹೇಳದೆ ಹೋಗುತ್ತಾಳೆ. ಓದಿದವರು ಅದನ್ನು ಮೆಚ್ಚಿಕೊಂಡದ್ದೂ ಇದೆ.

ಸೊಸೆ ರೆಕಾರ್ಡಿಂಗ್ ನಿಲ್ಲಿಸಿದಳು. "ನಾಹೀ ಅತ್ತೆ. ತೀ ಅಶೀ ಗಪ್ಪ್ ಜಾಣಾರಚ್ ನಾಹೀ."

ಅವಳು ಹಾಗೆ ಸುಮ್ಮನೆ ಹೋಗುವವಳೇ ಅಲ್ಲ ಎಂದು.

"ಯಾಕೆ ಹೋಗೋದಿಲ್ಲ? ಇಷ್ಟು ವರ್ಷ ಮಾತಾಡಿಲ್ಲ ಅವರು."

ಅದಕ್ಕೆ ಅವಳು ಮರಾಠಿಯಲ್ಲಿ ಸರಸರನೆ ವಾದಿಸಿದಳು. ಇಷ್ಟೆಲ್ಲ ಜಗಳವಾಡಿದವಳು ಕೊನೆಗೆ ಒಂದು ಜಗಳವನ್ನಾದರೂ ಆಡದೆ ಹೋಗುತ್ತಾಳಾ? ನೀವು ಅವಳ ಬಾಯಿಗೆ ಕೈ ಅಡ್ಡ ಹಿಡಿದಿದ್ದೀರಿ, ಅತ್ತೆ.

ನನಗೆ ಸ್ವಲ್ಪ ಚುಚ್ಚಿತು. ಕತೆ ನನ್ನದು, ಕೊನೆ ಏನೆಂದು ನನಗೆ ಗೊತ್ತು ಎಂದೆ. ಅವಳು ಊಟದ ತಟ್ಟೆ ಎತ್ತಿಕೊಂಡು ಒಳಗೆ ಹೋದಳು. ಅವಳ ಬೇಸರದ ಹಿಂದೆ ನನ್ನ ಕತೆಗಿಂತ ದೊಡ್ಡದೇನೋ ಇದ್ದಂತೆ ಕಂಡಿತಾದರೂ ಕೇಳಲು ಹೋಗಲಿಲ್ಲ. ಒಂದೆರಡು ದಿನ ಇಬ್ಬರೂ ಕತೆಯ ಸುದ್ದಿ ಎತ್ತಲಿಲ್ಲ. ನಮ್ಮವರು ಮಾತ್ರ ಪೆನ್ನು ಹಿಡಿದು, "ಮುಂದೆ ಉಂಟಾ ಇಲ್ವಾ?" ಎಂದು ಬಂದು ಕೇಳುತ್ತಿದ್ದರು.

ಆ ದಿನಗಳಲ್ಲಿ ಅಕ್ಕನ ನೆನಪು ಬಹಳ ಆಯಿತು. ಅಕ್ಕ ಎಂದರೆ ನಮ್ಮವರ ದೊಡ್ಡಕ್ಕ. ಕತೆ ಎಂದರೆ ಏನೆಂದು ನನಗೆ ಗೊತ್ತಾದದ್ದೇ ಅವರಿಂದ. ಮದುವೆಯಾಗಿ ನಾನು ಡೊಂಬಿವಲಿಗೆ ಬಂದಾಗ ನಾವಿಬ್ಬರೂ ಒಂದೇ ಚಾಳಿನಲ್ಲಿ ಅಕ್ಕಪಕ್ಕದ ಕೋಣೆಗಳಲ್ಲಿದ್ದೆವು. ಅಕ್ಕನಿಗೆ ಸಿನಿಮಾದ ಹುಚ್ಚು. ತಿಂಗಳಿಗೊಂದಾದರೂ ಮ್ಯಾಟಿನಿ ನೋಡಿ ಬರುವರು. ಬಂದ ಕೂಡಲೇ ಚಾಳಿನ ನಳ್ಳಿಯ ಹತ್ತಿರ ನೀರಿಗೆ ನಿಂತ ಹೆಂಗಸರಿಗೆ ಆ ಸಿನಿಮಾದ ಕತೆ ಹೇಳುವರು; ನಮ್ಮಂಥವರಿಗೆ ತುಳುವಿನಲ್ಲಿ, ಉಳಿದವರಿಗೆ ಅವರದೇ ಆದ ಮರಾಠಿಯಲ್ಲಿ. ನಾಯಕಿ ಬಾಗಿಲು ತೆರೆಯುವ ಸದ್ದು, ಅತ್ತೆ ಕೆಮ್ಮುವ ರೀತಿ ಎಲ್ಲವೂ ಇರುತ್ತಿತ್ತು. ನಾನು ಸಿನಿಮಾ ನೋಡಿದ್ದು ಕಡಿಮೆ, ಕೇಳಿದ್ದು ಹೆಚ್ಚು.

ಎಷ್ಟೋ ವರ್ಷಗಳ ನಂತರ ಅವುಗಳಲ್ಲೊಂದು ಟೀವಿಯಲ್ಲಿ ಬಂತು. ಕೊನೆಯವರೆಗೂ ಕೂತು ನೋಡಿ ಗಾಬರಿಯಾದೆ. ಅಕ್ಕ ಹೇಳಿದ್ದ ಕತೆಯಲ್ಲಿ ಆ ಹುಡುಗಿ ಊರಿಗೆ ವಾಪಸು ಹೋಗದೆ ಪಟ್ಟಣದಲ್ಲೇ ಹೊಲಿಗೆ ಅಂಗಡಿ ಹಾಕುತ್ತಾಳೆ. ಸಿನಿಮಾದಲ್ಲಿ ಅವಳು ನಾಯಕನ ತೊಡೆಯ ಮೇಲೆ ಸಾಯುತ್ತಾಳೆ. ಅಂಗಡಿಯೂ ಇಲ್ಲ, ಹೊಲಿಗೆಯೂ ಇಲ್ಲ. ಆಮೇಲೆ ಇನ್ನೆರಡು ಸಿನಿಮಾ ನೋಡಿದೆ, ಅವೂ ಹಾಗೆಯೇ. ಅಕ್ಕನನ್ನು ಕೇಳಬೇಕೆಂದುಕೊಂಡದ್ದು ಸಂಸಾರದ ಗಡಿಬಿಡಿಯಲ್ಲಿ ಮರೆತೇಹೋಗಿತ್ತು.

ಅಕ್ಕ ಈಗ ವಿಠ್ಠಲವಾಡಿಯಲ್ಲಿ ಮಗಳ ಮನೆಯಲ್ಲಿದ್ದಾರೆ. ಎಂಬತ್ತು ದಾಟಿದೆ. ಶನಿವಾರ ನೋಡಿ ಬರುತ್ತೇನೆ ಎಂದಾಗ, ಕೈ ಹೀಗಿರುವಾಗ ಒಬ್ಬರೇ ಲೋಕಲ್ ಹತ್ತುವುದು ಬೇಡವೆಂದು ಸೊಸೆಯೇ ಜೊತೆಗೆ ಹೊರಟಳು. ಗಾಡಿಯಲ್ಲಿ ನನ್ನ ಪ್ಲಾಸ್ಟರಿಗೆ ಯಾರೂ ತಾಗದಂತೆ ತನ್ನ ಬ್ಯಾಗು ಅಡ್ಡ ಹಿಡಿದು ನಿಂತಿದ್ದಳು.

ಅಕ್ಕ ಕಿಟಕಿಯ ಹತ್ತಿರ ಕೂತು ಬಟಾಣಿ ಬಿಡಿಸುತ್ತಿದ್ದರು. ಕೈ ನೋಡಿ ಒಂದಿಷ್ಟು ಬೈದರು. ಈ ವಯಸ್ಸಿನಲ್ಲಿ ಮಳೆಯಲ್ಲಿ ಯಾರಾದರೂ ಗ್ಯಾಲರಿಗೆ ಬರಿಗಾಲಲ್ಲಿ ಹೋಗುತ್ತಾರಾ ಎಂದರು. ಚಹಾ ಕುಡಿದಾದ ಮೇಲೆ ಕೇಳಿದೆ.

"ಅಕ್ಕ, ನೀವು ಆಗ ಪಿಚ್ಚರ್ ಕತೆ ಹೇಳ್ತಿದ್ರಲ್ಲ. ಕೊನೆ ಯಾಕೆ ಬದಲು ಮಾಡ್ತಿದ್ರಿ?"

"ಅಯ್ಯೋ ಮಾರಾಯ್ತಿ! ಬದಲು ಮಾಡ್ಲಿಕ್ಕೆ ನಾನು ಕೊನೆ ನೋಡಿದ್ರಲ್ವಾ?"

"ಅಂದ್ರೆ?"

"ಮೂರು ಗಂಟೆಗೆ ನಳ್ಳಿ ಬರ್ತಿತ್ತು, ನೆನಪಿಲ್ವಾ? ಪಿಚ್ಚರ್ ಬಿಡುವಾಗ ಮೂರು ದಾಟ್ತಿತ್ತು. ಕೊನೆ ನೋಡ್ತಾ ಕೂತ್ರೆ ಮನೆಗೆ ನೀರೆಲ್ಲಿಂದ? ಇಂಟರ್ವಲ್ ಆದ ಮೇಲೆ ಇನ್ನೊಂದಿಷ್ಟು ನೋಡಿ ಎದ್ದು ಓಡಿ ಬರೋದು. ಒಂದೇ ಒಂದು ಪಿಚ್ಚರೂ ನಾನು ಪೂರ್ತಿ ನೋಡ್ಲಿಲ್ಲ."

ಸೊಸೆ ಜೋರಾಗಿ ನಕ್ಕಳು. ಹಾಗಾದರೆ ಆ ಕೊನೆಗಳನ್ನೆಲ್ಲ ಎಲ್ಲಿಂದ ತಂದಿರಿ ಎಂದು ಮರಾಠಿಯಲ್ಲಿ ಕೇಳಿದಳು.

ಅಕ್ಕ ಬಟಾಣಿ ಬಿಡಿಸುವುದನ್ನು ನಿಲ್ಲಿಸಲಿಲ್ಲ. "ಎಲ್ಲಿಂದ ಅಂದ್ರೆ? ಎದುರಿಗೆ ನಿಂತವರ ಮುಖ ನೋಡಿದ್ರೆ ಗೊತ್ತಾಗ್ತದೆ. ಕೊಡ ತುಂಬಿದ ಮೇಲೂ ಹೋಗದೆ ನಿಂತಿರ್ತಾರಲ್ಲ, ಅವರಿಗೆ ಏನೋ ಬೇಕು ಅಂತ ಅರ್ಥ. ಅವರಿಗೆ ಆಗುವ ಹಾಗೆ ಮುಗಿಸೋದು." ಆಮೇಲೆ ನನ್ನ ಕಡೆ ತಿರುಗಿದರು. "ಇವಳು ಬಂದ ಹೊಸತರಲ್ಲಿ ದಿನಾ ಅಳ್ತಿದ್ಳು, ಊರಿಗೆ ಹೋಗ್ತೇನೆ ಅಂತ. ಇವಳಿಗೋಸ್ಕರ ನಾನು ಎಷ್ಟು ಹುಡುಗಿಯರಿಗೆ ಇಲ್ಲೇ ಹೊಲಿಗೆ ಅಂಗಡಿ ಹಾಕಿಸಿ ಕೊಟ್ಟಿದ್ದೇನೆ ಅಂತ ಲೆಕ್ಕ ಇಲ್ಲ."

ನಾನು ಆಗ ಅಳುತ್ತಿದ್ದುದು ನಿಜ. ಗೋಡೆಯಾಚೆಗೆ ಅದು ಕೇಳುತ್ತಿತ್ತೆಂದು ಮಾತ್ರ ನನಗೆ ತಿಳಿದಿರಲಿಲ್ಲ. ಎಡಗೈಯಲ್ಲಿ ಒಂದೊಂದೇ ಬಟಾಣಿ ಆರಿಸಿ ತಟ್ಟೆಗೆ ಹಾಕಿದೆ. ಎದುರಿಗೆ ಯಾರೂ ಇಲ್ಲದೆ ಬರೆಯುವುದೇ ಬರವಣಿಗೆ ಎಂದು ನಾನು ನಂಬಿದ್ದೆ. ಆದರೆ ನಾನು ಬರೆಯುವುದಕ್ಕೆ ಕಾರಣರಾದ ಅಕ್ಕ ಎದುರಿಗೆ ಯಾರಾದರೂ ಇದ್ದರಷ್ಟೇ ಕತೆ ಮುಗಿಸುತ್ತಿದ್ದರು.

ಹಿಂತಿರುಗುವಾಗ ಗಾಡಿ ಖಾಲಿಯಿತ್ತು. ಕಿಟಕಿಯ ಹತ್ತಿರ ಎದುರುಬದುರು ಸೀಟು ಸಿಕ್ಕಿತು. ಸೊಸೆಯ ಮುಖ ನೋಡಿದೆ. ಆ ವಾರವಿಡೀ ನೋಡಿರಲಿಲ್ಲ.

"ನಿನ್ನ ಅಮ್ಮ ಹೇಗಿದ್ದಾರೆ ಹೊಸ ಮನೆಯಲ್ಲಿ?" ಎಂದೆ.

ಅವಳ ಅಪ್ಪ ಅಮ್ಮನ ಠಾಣೆಯ ಬಿಲ್ಡಿಂಗ್ ಕೂಡ ಹೊಸದಾಗಿ ಕಟ್ಟಲು ಖಾಲಿಯಾಗಿತ್ತು. ಹೊಸದು ಆಗುವ ತನಕ ಇರಲೆಂದು ಅವರು ಖಾರಘರದಲ್ಲಿ ಬಾಡಿಗೆ ಮನೆ ಹಿಡಿದಿದ್ದರು. ನನಗೆ ಇದು ಗೊತ್ತಿತ್ತು. ಕತೆಗೆ ಅದು ಎಷ್ಟು ಹತ್ತಿರದ್ದೆಂದು ನನಗೆ ಹೊಳೆಯಲೇ ಇಲ್ಲ ಎಂಬುದು ಈಗ ಆಶ್ಚರ್ಯವೆನಿಸುತ್ತದೆ. ಸೊಸೆ ನಿಧಾನವಾಗಿ ಹೇಳಿದಳು. ಪಕ್ಕದ ಮನೆಯವರ ಜೊತೆ ಯಾವುದೋ ಸಣ್ಣ ಮಾತಿಗೆ ಅಮ್ಮನಿಗೆ ಮಾತು ಬಿಟ್ಟಿತ್ತಂತೆ. ಮನೆ ಬಿಡುವ ದಿನವೂ ಅಮ್ಮ ಅವರಿಗೆ ಹೇಳದೆ ಬಂದರಂತೆ. ಈಗ ಹತ್ತೊಂಬತ್ತನೇ ಮಹಡಿಯಲ್ಲಿ ಗುಡ್ಡ ನೋಡುತ್ತ ಕೂತು ದಿನಾ ಅವರ ಸುದ್ದಿಯನ್ನೇ ಎತ್ತುತ್ತಾರಂತೆ. ಅವರು ಹಾಗೆ ಸಾರು ಮಾಡುತ್ತಿದ್ದರು, ಹೀಗೆ ಬಾಗಿಲು ಹಾಕುತ್ತಿದ್ದರು ಎಂದು.

"ಫೋನ್ ಮಾಡ್ಲಿಕ್ಕೆ ಹೇಳು."

"ಕರತ್ ನಾಹೀ." ಮಾಡುವುದಿಲ್ಲ ಎಂದು ಕಿಟಕಿಯ ಕಡೆ ತಿರುಗಿದಳು.

ಮರುದಿನ ಭಾನುವಾರ, ಊಟವಾದ ಮೇಲೆ ಕತೆಯ ಕೊನೆ ಹೇಳುತ್ತೇನೆ ಎಂದೆ. ಸೊಸೆ ಫೋನು ಮೇಜಿನ ಮೇಲಿಟ್ಟು ಕೂತಳು. ನನ್ನ ಬಳಿ ಸಿದ್ಧವಾದ ಕೊನೆ ಇರಲಿಲ್ಲ. ಟೆಂಪೋ ತುಂಬುವವರೆಗೆ ಹೇಳಿದೆ. ಕೆಳಗಿನ ಮನೆಯವಳು ಮುಂದಿನ ಸೀಟಿನಲ್ಲಿ ಕೂತಳು. ಸೊಸೆಯ ಮುಖ ನೋಡಿದೆ. ಕೆಳಗಿನ ಮನೆಯವಳು ಇಳಿದಳು. ಡ್ರೈವರನಿಗೆ ಎರಡೇ ನಿಮಿಷ ಎಂದು ಹೇಳಿ ಮೆಟ್ಟಿಲು ಹತ್ತಿದಳು. ಮೇಲಿನ ಮನೆಯ ಬೆಲ್ ಒತ್ತಿದಳು. ಬಾಗಿಲು ತೆರೆಯಿತು, ಒಳಗೆ ಎಲ್ಲ ಕಟ್ಟಿಟ್ಟ ಪೆಟ್ಟಿಗೆಗಳು. ಗ್ಯಾಲರಿಯ ತಂತಿಯನ್ನು ಕೂಡ ಹಿಂದಿನ ದಿನವೇ ಬಿಚ್ಚಿಯಾಗಿತ್ತು.

"ನಿಮ್ಮ ಬಟ್ಟೆಯ ನೀರು ನಮ್ಮ ಗ್ಯಾಲರಿಗೆ ಬೀಳ್ತಾ ಉಂಟು" ಎಂದಳು ಕೆಳಗಿನ ಮನೆಯವಳು.

ಮೇಲಿನ ಮನೆಯವಳು ತಿರುಗಿ ಖಾಲಿ ಗ್ಯಾಲರಿ ನೋಡಿದಳು. ಇವಳನ್ನು ನೋಡಿದಳು. "ಒಣಗಿದ ಮೇಲೆ ತೆಗೀತೇನೆ" ಎಂದಳು.

ನಾನು ನಿಲ್ಲಿಸಿದೆ. ಸೊಸೆಯ ಕಣ್ಣು ತುಂಬಿಕೊಂಡಿತ್ತು, ಆದರೂ "ಮಗ?" ಎಂದಳು.

"ಅಷ್ಟೇ."

"ನಂಬರ್ ಘೇತಲಾ ಕೀ ನಾಹೀ?" ಫೋನ್ ನಂಬರು ತೆಗೆದುಕೊಂಡಳೋ ಇಲ್ಲವೋ?

"ಗೊತ್ತಿಲ್ಲ ಮಗಾ. ನಂಗೆ ಅಷ್ಟೇ ಕಂಡದ್ದು."

ಅದರಿಂದ ಅವಳಿಗೆ ಸಮಾಧಾನವಾಗಲಿಲ್ಲ. ನಂಬರು ತೆಗೆದುಕೊಳ್ಳಬೇಕಿತ್ತು ಎಂದು ಇಡೀ ಸಂಜೆ ವಾದಿಸಿದಳು. ರಾತ್ರಿಯ ಅಡುಗೆಗೆ ಮೊದಲು ರೆಕಾರ್ಡಿಂಗ್ ಕೇಳುತ್ತ ಬರೆಯಲು ಕೂತ ನಮ್ಮವರು ಒಳಗಿಂದಲೇ ಕೂಗಿದರು: "ಇದು ಇಲ್ಲಿಗೇ ಕಟ್ ಆಗಿದೆ. ಮುಂದಿನದ್ದು ಎಲ್ಲಿ?"

ಕತೆ ಸಮಯಕ್ಕೆ ಸರಿಯಾಗಿ ತಲುಪಿತು. ಸಂಪಾದಕರು ಫೋನ್ ಮಾಡಿ, ಈ ಸಲ ನಿಮ್ಮ ಕತೆ ನಡೆದುಕೊಂಡು ಹೋಗುತ್ತದೆ, ಮೊದಲಿನವು ಕೂತಿರುತ್ತಿದ್ದವು ಎಂದರು. ಅಕ್ಷರ ಇಷ್ಟು ದಪ್ಪ ಯಾಕೆ ಎಂದೂ ಕೇಳಿದರು. ಪ್ಲಾಸ್ಟರ್ ತೆಗೆದ ಮೇಲೆ ಡಾಕ್ಟರು ಸ್ವಲ್ಪ ದಿನ ವ್ಯಾಯಾಮ ಮಾಡಿಸಿದರು. ಮಣಿಕಟ್ಟು ಈಗಲೂ ಪೂರ್ತಿ ತಿರುಗುವುದಿಲ್ಲ, ಆದರೆ ಪೆನ್ಸಿಲ್ ಹಿಡಿಯಲು ಸಾಕು. ಮತ್ತೆ ಅಡುಗೆಮನೆಯ ಸ್ಟೂಲಿಗೆ ಹೋದೆ. ವ್ಯತ್ಯಾಸವೆಂದರೆ ಈಗ ಬರೆಯುವ ಮೊದಲು ಯಾರಿಗಾದರೂ ಹೇಳಿ ನೋಡುತ್ತೇನೆ. ಸೊಸೆ ಇಲ್ಲದಿದ್ದರೆ ನಮ್ಮವರಿಗೆ. ಅವರಿಗೆ ಕತೆಯಲ್ಲಿ ಯಾರು ಏನು ತಿಂದರು ಎಂಬುದೇ ಮುಖ್ಯ. ಕತೆಯೊಳಗೆ ಮನೆಗೆ ಬಂದವರಿಗೆ ನಾನು ಚಹಾ ಕೊಡಿಸಲು ಮರೆತರೆ ಅಲ್ಲೇ ತಡೆಯುತ್ತಾರೆ.

ವಿಶೇಷಾಂಕ ಬಂದಾಗ ಸೊಸೆ ಅದರ ಒಂದು ಪ್ರತಿಯನ್ನು ಆಫೀಸಿಗೆ ಕೊಂಡುಹೋದಳು. ಅಲ್ಲಿ ಅವಳ ಜೊತೆ ಕೆಲಸ ಮಾಡುವ ಧಾರವಾಡದ ಹುಡುಗಿಯೊಬ್ಬಳು ಊಟದ ಡಬ್ಬಿ ತೆರೆದುಕೊಂಡು ಕೂತಲ್ಲೇ ಇಡೀ ಕತೆಯನ್ನು ಓದಿ ಹೇಳಿದಳಂತೆ. ಮಧ್ಯಾಹ್ನ ನನಗೆ ಅವಳದೇ ಫೋನ್ ಬಂತು.

"ಆಂಟಿ, ಕತಿ ಭಾಳ ಛಲೋ ಐತ್ರಿ. ಆದ್ರ ಒಂದ್ ಮಾತು ಹೇಳ್ಲೇನ್ರಿ?"

"ಹೇಳಮ್ಮ."

"ಆ ಮ್ಯಾಲಿನ ಮನಿಯಾಕಿ ಹುಬ್ಬಳ್ಳಿಯಾಕಿ ಅಂತ ಬರ್ದೀರಿ. ಮಾತು ಮಾತ್ರ ಉಡುಪಿಯಾಕಿಗತೆ ಆಡ್ತಾಳ್ರಿ."

ನಾನು ಪೆನ್ಸಿಲ್ ಎಳೆದುಕೊಂಡೆ. "ಹೌದಾ? ನೀನಾದ್ರೆ ಎಂತ ಹೇಳ್ತಿದ್ದೆ?"

"'ಒಣಗಿದ ಮ್ಯಾಲ ತಗೀತೀನಿ ತಗೋರಿ' ಅಂತಿದ್ದೆರಿ."

ಆ 'ತಗೋರಿ' ನನಗೆ ಎಷ್ಟು ಯೋಚಿಸಿದರೂ ಸಿಗುತ್ತಿರಲಿಲ್ಲ. ಅದರಲ್ಲಿ ಜಗಳವೂ ಇತ್ತು, ಬಿಟ್ಟುಕೊಡುವುದೂ ಇತ್ತು. ಪತ್ರಿಕೆಯ ನನ್ನ ಪ್ರತಿಯಲ್ಲಿ ಆ ಸಾಲನ್ನು ತಿದ್ದಿದೆ. ಆಮೇಲೆ ಅವಳನ್ನೇ ಕೇಳಿದೆ, ಕತೆಯ ಮೊದಲಿಂದ ಮೇಲಿನ ಮನೆಯವಳ ಒಂದೊಂದೇ ಮಾತನ್ನು ಹೇಳಿ ನೋಡುತ್ತೀಯಾ, ಊಟ ತಣ್ಣಗಾಗುವುದಿಲ್ಲ ತಾನೇ ಎಂದು. ತಣ್ಣಗಾದರೆ ಆಗಲಿ ಎಂದಳು. ನಾವು ಮೊದಲ ಪುಟದಿಂದ ಶುರುಮಾಡಿದೆವು.